ಒಳಚರಂಡಿ ಕೊಳವೆಗಳ ಸ್ಥಿತಿ ಪರಿಶೀಲನೆಯಲ್ಲಿ ರೇಡಾರ್: ಸದಸ್ಯರ ಮಾಹಿತಿಗಾಗಿ

ರಸ್ತೆ ಕುಸಿದಾಗ ಅಥವಾ ನಲ್ಲಿ ನೀರಿನಲ್ಲಿ ದುರ್ವಾಸನೆ ಬಂದಾಗ ಮಾತ್ರ ನೆಲದಡಿಯ ಒಳಚರಂಡಿ ಕೊಳವೆ ನೆನಪಿಗೆ ಬರುತ್ತದೆ. ಅಷ್ಟರಲ್ಲಿ ಹಾನಿ ಬಹುಮಟ್ಟಿಗೆ ಆಗಿಹೋಗಿರುತ್ತದೆ. ಬಿರುಕಿನ ಮೂಲಕ ಮಣ್ಣು ಕೊಳವೆಯೊಳಕ್ಕೆ ಜಾರಿ ರಸ್ತೆಯ ಕೆಳಗೆ ಪೊಳ್ಳು ಉಂಟಾಗುತ್ತದೆ. ಕಾಂಕ್ರೀಟ್ ಕೊಳವೆಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲವು ಬ್ಯಾಕ್ಟೀರಿಯಾಗಳಿಂದ ಗಂಧಕಾಮ್ಲವಾಗಿ ಮಾರ್ಪಟ್ಟು ಕೊಳವೆಯ ಮೇಲ್ಭಾಗವನ್ನು ಸವೆಸುತ್ತದೆ.

ಕಾರ್ಯವಿಧಾನ

ನೆಲದ ಮೇಲೆ ತಳ್ಳಿಕೊಂಡು ಹೋಗುವ ರೇಡಾರ್ ಯಂತ್ರವು ರೇಡಿಯೋ ತರಂಗಗಳನ್ನು ಕೆಳಕ್ಕೆ ಕಳುಹಿಸುತ್ತದೆ. ಮಣ್ಣು, ನೀರು, ಗಾಳಿ, ಕೊಳವೆ ಇವುಗಳ ಗುಣ ಬದಲಾಗುವಲ್ಲಿ ತರಂಗದ ಒಂದಂಶ ಪ್ರತಿಫಲಿಸಿ ಹಿಂದಿರುಗುತ್ತದೆ. ತರಂಗವು ಮಣ್ಣಿನಲ್ಲಿ ನ್ಯಾನೋಸೆಕೆಂಡಿಗೆ 10 ಸೆಂ.ಮೀ. ಚಲಿಸುವುದಾದರೆ, 20 ನ್ಯಾನೋಸೆಕೆಂಡಿನಲ್ಲಿ ಮರಳಿದ ತರಂಗವು 1 ಮೀಟರ್ ಆಳದ ವಸ್ತುವನ್ನು ಸೂಚಿಸುತ್ತದೆ. ದೊಡ್ಡ ವ್ಯಾಸದ ಕೊಳವೆಗಳಲ್ಲಿ ರೋಬೋಟ್ ವಾಹನದ ಮೇಲೆ ರೇಡಾರ್ ಇರಿಸಿ ಒಳಗಿನಿಂದಲೂ ಪರೀಕ್ಷಿಸಬಹುದು. ಕ್ಯಾಮೆರಾ ಒಳಮೈಯನ್ನಷ್ಟೇ ತೋರಿಸಿದರೆ, ರೇಡಾರ್ ಗೋಡೆಯ ಉಳಿದ ದಪ್ಪವನ್ನೂ ಅದರ ಹಿಂದಿನ ಪೊಳ್ಳನ್ನೂ ತಿಳಿಸುತ್ತದೆ.

ಮಿತಿಗಳು

ಒಣ ಮರಳು ಮಣ್ಣಿನಲ್ಲಿ ಹಲವು ಮೀಟರ್ ಆಳ ತಲುಪುವ ತರಂಗವು ಒದ್ದೆಯಾದ ಎರೆಮಣ್ಣಿನಲ್ಲಿ 1 ಮೀಟರ್ ತಲುಪುವುದೂ ಕಷ್ಟ. ಆದುದರಿಂದ ಎರೆಭೂಮಿಯ ಗ್ರಾಮಗಳಲ್ಲಿ ಬೇಸಿಗೆಯ ಸಮೀಕ್ಷೆಯೇ ಸೂಕ್ತ. ಲೋಹದ ಕೊಳವೆಯ ಗೋಡೆಯನ್ನು ತರಂಗ ದಾಟುವುದಿಲ್ಲ. ರೇಡಾರ್ ನೀಡುವುದು ಸೂಚನೆ ಮಾತ್ರ; ಪರೀಕ್ಷಾ ಗುಂಡಿ ತೆಗೆದು ಖಚಿತಪಡಿಸಿಕೊಳ್ಳತಕ್ಕದ್ದು.

ಮಾನವ ಜೀವದ ಪ್ರಶ್ನೆ

ಪರಿಶೀಲನೆಗೆಂದು ಯಾರನ್ನೂ ಆಳುಗುಂಡಿಗೆ ಇಳಿಸಬಾರದು. ಅಲ್ಲಿನ ವಿಷಾನಿಲ ಕ್ಷಣಗಳಲ್ಲಿ ಪ್ರಾಣ ತೆಗೆಯಬಲ್ಲದು. ಸುರಕ್ಷಾ ಸಾಧನ ಮತ್ತು ಮುನ್ನೆಚ್ಚರಿಕೆಗಳಿಲ್ಲದೆ ಒಳಚರಂಡಿಯನ್ನು ಮನುಷ್ಯರಿಂದ ಸ್ವಚ್ಛಗೊಳಿಸುವುದು 2013ರ ಅಧಿನಿಯಮದನ್ವಯ ಅಪರಾಧ. ಮೊದಲ ಅಪರಾಧಕ್ಕೇ 2 ವರ್ಷಗಳವರೆಗೆ ಕಾರಾವಾಸ ಅಥವಾ 2 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಒಳಚರಂಡಿಯಲ್ಲಿ ಮೃತಪಟ್ಟವರ ಕುಟುಂಬಕ್ಕೆ ನೀಡಬೇಕಾದ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರ್ 20ರಂದು 30 ಲಕ್ಷ ರೂಪಾಯಿಗಳಿಗೆ ಹೆಚ್ಚಿಸಿದೆ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಪದೇ ಪದೇ ಕಟ್ಟಿಕೊಳ್ಳುವ, ರಸ್ತೆ ತಗ್ಗಾಗುವ ಸ್ಥಳಗಳನ್ನು ವಾರ್ಡುವಾರು ಪಟ್ಟಿ ಮಾಡುವುದು.
2. ಕುಡಿಯುವ ನೀರಿನ ಕೊಳವೆಯು ಒಳಚರಂಡಿಯನ್ನು ಹಾಯ್ದುಹೋಗುವ ಸ್ಥಳಗಳಿಗೆ ಮೊದಲ ಆದ್ಯತೆ ನೀಡುವುದು.
3. ಸಣ್ಣ ಕೊಳವೆಗಳಿಗೆ ಕ್ಯಾಮೆರಾ ಪರೀಕ್ಷೆ ಸಾಕೇ ಎಂಬ ಬಗ್ಗೆ ಅಭಿಯಂತರರ ಅಭಿಪ್ರಾಯ ಪಡೆದು, ಅನಂತರವೇ ರೇಡಾರ್ ಸಮೀಕ್ಷೆಯ ಅಂದಾಜು ಪಟ್ಟಿಯನ್ನು ಸಾಮಾನ್ಯ ಸಭೆಯ ಮುಂದೆ ಮಂಡಿಸುವುದು.
4. ಸಮೀಕ್ಷೆಯ ನಕ್ಷೆಯನ್ನು ಪಂಚಾಯತಿ ಕಚೇರಿಯಲ್ಲಿ ಕಾಯ್ದಿರಿಸಿ, ಮುಂದೆ ರಸ್ತೆ ಅಗೆಯುವ ಪ್ರತಿ ಕಾಮಗಾರಿಗೂ ಮುನ್ನ ಪರಿಶೀಲಿಸುವುದು.