ಮೂಟೆಯ ತೂಕ, ಬೆನ್ನಿನ ಲೆಕ್ಕ

ಮೂರು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ನಮ್ಮ ತೋಟಕ್ಕೆ ಗೊಬ್ಬರದ ಲಾರಿ ಬಂದ ದಿನದ ಸಂಗತಿ. ಬೆಳಿಗ್ಗೆ ಬೇಗನೆ ಬಂದಿತ್ತು, ಮೋಡ ಕವಿದಿತ್ತು, ಲಾರಿ ಚಾಲಕನಿಗೆ ಅವಸರ. ಚೀಲಗಳನ್ನೆಲ್ಲ ಗೋದಾಮಿನ ನೆಲಕ್ಕೆ ಇಳಿಸಿಕೊಂಡು, ಲಾರಿ ಹೋದ ಮೇಲೆ ಒಂದೊಂದಾಗಿ ಎತ್ತಿ ಗೋಡೆಯ ಬದಿಗೆ ಪೇರಿಸುವುದೆಂದು ತೀರ್ಮಾನವಾಯಿತು. ಬಹಳ ವರ್ಷಗಳಿಂದ ನಮ್ಮಲ್ಲೇ ದುಡಿಯುತ್ತಿದ್ದ ಆಳೊಬ್ಬ ಬಗ್ಗಿ ಚೀಲ ಹಿಡಿದ, ಎತ್ತುತ್ತಲೇ ಪಕ್ಕಕ್ಕೆ ತಿರುಗಿದ, ಹಾಗೆಯೇ ಸೊಂಟ ಹಿಡಿದುಕೊಂಡು ಕುಳಿತುಬಿಟ್ಟ. ಆ ವರ್ಷದ ಕಾಫಿ ಕೊಯ್ಲಿಗೆ ಅವನು ಬರಲಾಗಲಿಲ್ಲ. ಈಗಲೂ ಭಾರದ ಕೆಲಸಕ್ಕೆ ಅವನಿಲ್ಲ. ಅಂದು ನನ್ನ ಬಾಯಿಂದ ಮೊದಲು ಬಂದ ಮಾತು, "ಸ್ವಲ್ಪ ನೋಡಿಕೊಂಡು ಎತ್ತಬಾರದಿತ್ತೇನಯ್ಯಾ" ಎಂದು. ಆ ಮಾತು ಸರಿಯಲ್ಲವೆಂದು ತಿಳಿಯುವುದಕ್ಕೆ ನಾನು ಒಂದಿಷ್ಟು ಓದಬೇಕಾಯಿತು. ಓದಿದ್ದರಲ್ಲಿ ನಮ್ಮ ಸದಸ್ಯರಿಗೆ ಉಪಯೋಗಕ್ಕೆ ಬರುವಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೆಲಸವನ್ನು ಮನುಷ್ಯನ ದೇಹಕ್ಕೆ ಹೊಂದುವಂತೆ ಏರ್ಪಡಿಸುವುದು ಹೇಗೆಂದು ಹೇಳುವ ಒಂದು ಶಾಸ್ತ್ರವಿದೆ. ಅದಕ್ಕೆ ಎರ್ಗೊನಾಮಿಕ್ಸ್ ಎಂದು ಹೆಸರು. ಈ ಪದವನ್ನು 1857ರಲ್ಲಿ ಪೋಲೆಂಡಿನ ಯಾಸ್ತ್ರೆಂಬೋವ್‌ಸ್ಕಿ ಎಂಬ ವಿದ್ವಾಂಸರು ಮೊದಲು ಬಳಸಿದರು. ಗ್ರೀಕ್ ಭಾಷೆಯಲ್ಲಿ ಎರ್ಗಾನ್ ಎಂದರೆ ಕೆಲಸ, ನೊಮೋಸ್ ಎಂದರೆ ನಿಯಮ. ಕಾರ್ಖಾನೆಗಳಿಗೂ ಕಟ್ಟಡದ ಕೆಲಸಕ್ಕೂ ಬೆಳೆದ ಶಾಸ್ತ್ರವಾದರೂ ಗೊಬ್ಬರದ ಗೋದಾಮು, ಕಣ ಕಟ್ಟಲು ತಂದ ಸಿಮೆಂಟು, ಕಾಫಿ ಅಡಿಕೆಯ ಮೂಟೆ ಇರುವ ನಮ್ಮ ಮನೆಗಳಿಗೂ ಅದು ಸಲ್ಲುತ್ತದೆ.

ಮೊದಲು ಒಂದು ಗಾರೆ ಕೆಲಸದ ಕತೆ. 1885ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಫ್ರಾಂಕ್ ಗಿಲ್‌ಬ್ರೆತ್ ಎಂಬ 17ರ ಹುಡುಗ ಇಟ್ಟಿಗೆ ಕಟ್ಟುವ ಕೆಲಸ ಕಲಿಯಲು ಸೇರಿದ. ಮೇಸ್ತ್ರಿಗಳು ಸಾರುವೆಯ ಮೇಲೆ ನಿಂತು, ಕಾಲ ಬುಡದಲ್ಲಿ ರಾಶಿ ಹಾಕಿದ್ದ ಇಟ್ಟಿಗೆಗೆ ಪ್ರತಿ ಸಲವೂ ಬಗ್ಗಿ ಏಳುತ್ತಿದ್ದುದನ್ನು ಕಂಡ. ಇಟ್ಟಿಗೆಯ ತೂಕ ಎರಡೋ ಮೂರೋ ಕಿಲೊ. ಅದಕ್ಕಾಗಿ ಮೇಸ್ತ್ರಿ ತನ್ನ ಅರ್ಧ ಮೈಯ ಭಾರವನ್ನು ದಿನವಿಡೀ ಇಳಿಸಿ ಏರಿಸಬೇಕು! ಮುಂದೆ ಅವನೇ ಗುತ್ತಿಗೆದಾರನಾದಾಗ, ಗೋಡೆ ಏರಿದಂತೆ ತಾನೂ ಏರುವ ಸಾರುವೆಯನ್ನು ಮಾಡಿಸಿ, ಇಟ್ಟಿಗೆ ಮತ್ತು ಗಾರೆ ಸೊಂಟದ ಮಟ್ಟದಲ್ಲಿ ಕೈಗೆ ಸಿಗುವಂತೆ ಹಲಗೆ ಜೋಡಿಸಿದ. ಇಟ್ಟಿಗೆಯ ಒಳ್ಳೆಯ ಮುಖವನ್ನು ನೋಡಿ ಜೋಡಿಸಿಡುವ ಕೆಲಸ ಸಹಾಯಕನದು. ಒಂದು ಇಟ್ಟಿಗೆಗೆ 18 ಚಲನೆ ಬೇಕಾಗಿದ್ದುದು 5ಕ್ಕೆ ಇಳಿಯಿತು. ಗಂಟೆಗೆ 120 ಇಟ್ಟಿಗೆ ಇಡುತ್ತಿದ್ದ ಮೇಸ್ತ್ರಿ 350 ಇಡುವಂತಾಯಿತು. 1909ರಲ್ಲಿ ಗಿಲ್‌ಬ್ರೆತ್ ಇದನ್ನೆಲ್ಲ ಪುಸ್ತಕವಾಗಿ ಬರೆದ. ಅವನ ಗಮನ ಹೆಚ್ಚಾಗಿ ವೇಗದ ಕಡೆಗಿತ್ತೆಂಬುದು ನಿಜ, ಆದರೆ ಉಳಿದದ್ದು ಮೇಸ್ತ್ರಿಯ ಬೆನ್ನೂ ಹೌದು.

ನಮ್ಮ ಹಿರಿಯರಿಗೂ ಇದು ಗೊತ್ತಿತ್ತೆಂಬುದಕ್ಕೆ ಹಳೆಯ ದಾರಿಗಳ ಬದಿಯ ಹೊರೆಗಲ್ಲುಗಳೇ ಸಾಕ್ಷಿ. ನೆಟ್ಟ ಎರಡು ಕಲ್ಲಿನ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ. ತಲೆಹೊರೆಯವನು ಬಗ್ಗದೆ, ಇನ್ನೊಬ್ಬರ ನೆರವಿಲ್ಲದೆ ಹೊರೆಯನ್ನು ಅದರ ಮೇಲೆ ಜಾರಿಸಿ ದಣಿವಾರಿಸಿಕೊಂಡು, ಮತ್ತೆ ಹಾಗೆಯೇ ತಲೆಗೇರಿಸಿಕೊಂಡು ಹೋಗುತ್ತಿದ್ದ. ಸಿಂಬಿಯ ಮೇಲೆ ನೆಟ್ಟಗೆ ಕುಳಿತ ಹೊರೆ ಕತ್ತಿಗೆ ಭಾರವಾದರೂ ಸೊಂಟವನ್ನು ಮುಂದಕ್ಕೆ ಜಗ್ಗುವುದಿಲ್ಲ. ಸೊಂಟಕ್ಕೆ ಕೇಡು ಬರುವುದು ನೆಲದಿಂದ ಎತ್ತುವಾಗ, ನೆಲಕ್ಕೆ ಇಳಿಸುವಾಗ.

ಏಕೆಂದು ನೋಡೋಣ. ಬೆನ್ನುಮೂಳೆಯ ಕೆಳಗಿನ ಕೀಲು ತಕ್ಕಡಿಯ ನಡುವಿನ ಗೂಟವಿದ್ದಂತೆ. ಹೊರೆ ಒಂದು ಕಡೆ, ಅದಕ್ಕೆ ಎದುರಾಗಿ ಎಳೆಯುವ ಬೆನ್ನಿನ ಸ್ನಾಯು ಇನ್ನೊಂದು ಕಡೆ. ಆದರೆ ಈ ತಕ್ಕಡಿಯ ತೋಳುಗಳು ಸಮವಲ್ಲ. ಸ್ನಾಯು ಕೀಲಿನಿಂದ ಸುಮಾರು 2 ಅಂಗುಲ ಮಾತ್ರ ಹಿಂದಿದೆ. ಬಗ್ಗಿ ಹಿಡಿದ ಚೀಲವೋ ಸುಲಭವಾಗಿ 18 ಅಂಗುಲ ಮುಂದಿರುತ್ತದೆ. ಅಂದರೆ 50 ಕಿಲೊ ಚೀಲಕ್ಕೆ ಸ್ನಾಯು ಒಂಬತ್ತು ಪಟ್ಟು, 450 ಕಿಲೊ ಬಲದಿಂದ ಎಳೆಯಬೇಕು. ಬಗ್ಗಿದವನ ಮೇಲ್ಮೈಯ ಭಾರಕ್ಕೆ ಇನ್ನೊಂದು ನೂರು ಚಿಲ್ಲರೆ ಸೇರಿಸಿ. ಈ ಎಳೆತವೆಲ್ಲ ಮೂಳೆಗಳ ನಡುವಿನ ಮೆತ್ತೆಯ ಮೇಲೆಯೇ ಬೀಳುತ್ತದೆ. ಅದೇ ಚೀಲ ಸೊಂಟದ ಮಟ್ಟದಲ್ಲಿದ್ದು, ಹೊಟ್ಟೆಗೆ ಒತ್ತಿ ಹಿಡಿದು 10 ಅಂಗುಲಕ್ಕೆ ಬಂದರೆ ಎಳೆತ 250 ಕಿಲೊ ಸುಮಾರಿಗೆ ಇಳಿಯುತ್ತದೆ, ಬಗ್ಗುವ ಭಾರವೂ ತಪ್ಪುತ್ತದೆ. ಇದು ಒರಟು ಲೆಕ್ಕ ನಿಜ. ಆದರೂ ಅಮೆರಿಕದ ಸರ್ಕಾರಿ ಸಂಶೋಧನಾ ಸಂಸ್ಥೆಯೊಂದು 1981ರಲ್ಲಿ ಈ ಮೆತ್ತೆಯ ಮೇಲಿನ ಒತ್ತಡ ಸುಮಾರು 350 ಕಿಲೊ ದಾಟಿದರೆ ಎಚ್ಚರ ವಹಿಸಬೇಕೆಂದು ಹೇಳಿತ್ತೆಂಬುದನ್ನು ಪಕ್ಕದಲ್ಲಿಟ್ಟು ನೋಡಿ.

ಬ್ರಿಟನ್ನಿನ ಸುರಕ್ಷಾ ಇಲಾಖೆಯ ಮಾರ್ಗಸೂಚಿ ಇದನ್ನೇ ಇನ್ನೊಂದು ರೀತಿ ಹೇಳುತ್ತದೆ. ಗಂಡಾಳು ಸೊಂಟದ ಮಟ್ಟದಲ್ಲಿ ಮೈಗೆ ತಾಗಿಸಿ ಎತ್ತುವುದಾದರೆ 25 ಕಿಲೊ. ತೋಳು ಚಾಚಿದರೆ 15. ಪಾದದ ಮಟ್ಟದಿಂದ ಎತ್ತುವುದಾದರೆ 10, ಅದೂ ತೋಳು ಚಾಚಿ ಎಂದಾದರೆ ಬರೀ 5. ಹೆಣ್ಣಾಳಿಗೆ ಸೊಂಟದ ಮಟ್ಟದಲ್ಲಿ 16. ಇದನ್ನು ಮೀರಿದರೆ ಅಪರಾಧವೆಂದಲ್ಲ, ಮೀರಿದಲ್ಲಿ ಕೆಲಸದ ಏರ್ಪಾಡನ್ನು ಪರೀಕ್ಷಿಸಿ ನೋಡಬೇಕೆಂದು ಅರ್ಥ.

ನಮ್ಮಲ್ಲಿ? ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಗಂಡಾಳಿಗೆ 55 ಕಿಲೊ ಮೇಲ್ಮಿತಿ ಸೂಚಿಸಿತು. ಕಟ್ಟಡ ಕಾರ್ಮಿಕರಿಗಾಗಿ 1998ರಲ್ಲಿ ಬಂದ ಕೇಂದ್ರ ನಿಯಮಗಳು ಗಂಡಾಳಿಗೆ 55, ಹೆಣ್ಣಾಳಿಗೆ 30 ಎಂದವು. ಸಿಮೆಂಟು ಚೀಲ 50 ಕಿಲೊ. ಒಣ ಕಾಫಿಗೆ ನಾವು ದರ ಕೇಳುವುದೇ 50 ಕಿಲೊ ಚೀಲಕ್ಕೆ. ಯೂರಿಯಾ ಮಾತ್ರ 2018ರಿಂದ 45 ಕಿಲೊ ಆಗಿದೆ. ಅದು ಗೊಬ್ಬರದ ಬಳಕೆ ತಗ್ಗಿಸಲು ಮಾಡಿದ್ದೇ ಹೊರತು ಹೊರುವವನ ಮುಖ ನೋಡಿ ಮಾಡಿದ್ದಲ್ಲ. "ನಮ್ಮ ಅಪ್ಪನ ಕಾಲದಲ್ಲಿ ಕ್ವಿಂಟಾಲ್ ಮೂಟೆಯನ್ನೇ ಹೊರುತ್ತಿದ್ದರಲ್ಲ" ಎಂದು ಕೇಳುವವರಿದ್ದಾರೆ. ಹೊರುತ್ತಿದ್ದರು. ಹಾಗೆ ಹೊತ್ತವರಲ್ಲಿ ಐವತ್ತು ದಾಟಿದ ಮೇಲೆ ನೆಟ್ಟಗೆ ನಡೆದವರು ನಿಮ್ಮೂರಿನಲ್ಲಿ ಎಷ್ಟು ಮಂದಿ ಎಂದು ನೆನೆಸಿಕೊಳ್ಳಿ.

"ಮಂಡಿ ಬಗ್ಗಿಸಿ ಎತ್ತು, ಬೆನ್ನು ಬಗ್ಗಿಸಬೇಡ" ಎಂಬ ಉಪದೇಶವನ್ನು ಎಲ್ಲರೂ ಕೇಳಿದ್ದೇವೆ. ಉಪದೇಶ ತಪ್ಪಲ್ಲ. ಆದರೆ ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವೈದ್ಯರಿಗೆ, ಎತ್ತುವ ಕ್ರಮ ಕಲಿಸಿದ ಮಾತ್ರಕ್ಕೆ ಬೆನ್ನುನೋವು ಕಡಿಮೆಯಾದದ್ದು ಕಂಡುಬರಲಿಲ್ಲ. ದೊಡ್ಡ ಚೀಲ ಮಂಡಿಗಳ ನಡುವೆ ಹಿಡಿಸುವುದೇ ಇಲ್ಲ. ಹಾಗಾಗಿ ಅದು ಇನ್ನೂ ಮುಂದಕ್ಕೆ ಹೋಗುತ್ತದೆ. ಇಪ್ಪತ್ತು ಚೀಲವಾದ ಮೇಲೆ ಮಂಡಿಯೂ ಸೋಲುತ್ತದೆ. ಸೊಂಟಕ್ಕೆ ಬಿಗಿಯುವ ಪಟ್ಟಿಯಿಂದ ಪೆಟ್ಟು ತಪ್ಪುತ್ತದೆಂಬುದಕ್ಕೂ ಸರಿಯಾದ ಆಧಾರ ಸಿಕ್ಕಿಲ್ಲ.

ಹೀಗಾಗಿ ನಮ್ಮ ಗೋದಾಮಿನಲ್ಲಿ ಬದಲಾಯಿಸಿದ್ದು ಚೀಲ ಇರುವ ಜಾಗವನ್ನು. ಬಾಗಿಲ ಪಕ್ಕ ಎರಡೂವರೆ ಅಡಿ ಎತ್ತರದ ಕಟ್ಟೆ ಕಟ್ಟಿಸಿದೆ. ಅಂಗಳಕ್ಕೆಂದು ತಂದು ಮಿಕ್ಕಿದ ಕಲ್ಲೇ ಸಾಕಾಯಿತು. ಲಾರಿಯಿಂದ ಎರಡು ಗಟ್ಟಿ ಹಲಗೆ ಇಳಿಜಾರಾಗಿ ಇಟ್ಟರೆ ಚೀಲ ಕಟ್ಟೆಗೆ ಜಾರಿ ಬರುತ್ತದೆ. ಕಟ್ಟೆಯ ಮೇಲಿನ ಸಾಲು ಒಂದು ಚೀಲದಷ್ಟು ದಪ್ಪಕ್ಕಿಂತ ಹೆಚ್ಚಬಾರದೆಂದು ಮಾಡಿಕೊಂಡಿದ್ದೇವೆ, ಇಲ್ಲದಿದ್ದರೆ ಮತ್ತೆ ಎದೆಮಟ್ಟಕ್ಕೆ ಎತ್ತಬೇಕು. ಜಾಗ ಸಾಲದೆ ಕೆಳಗೆ ಇಡಲೇಬೇಕಾದ ಚೀಲವನ್ನು ಇಬ್ಬರು ಎರಡು ತುದಿ ಹಿಡಿದು ಎತ್ತುತ್ತಾರೆ. ತೋಟದೊಳಗೆ ಸಾಗಿಸಲು ತಳ್ಳುಗಾಡಿ ಇದೆ. ಕಟ್ಟೆಗೂ ಗಾಡಿಗೂ ನಡುವೆ ಬೇಕೆಂದೇ ಮೂರು ಹೆಜ್ಜೆ ಅಂತರ ಬಿಟ್ಟಿದ್ದೇನೆ. ಹತ್ತಿರವಿದ್ದರೆ ಆಳು ಪಾದ ಕದಲಿಸದೆ ಸೊಂಟ ತಿರುಚಿಯೇ ಚೀಲ ಹಾಕುತ್ತಾನೆ, ಬಗ್ಗಿ ತಿರುಚುವುದು ಬರೀ ಬಗ್ಗುವುದಕ್ಕಿಂತ ಕೆಟ್ಟದ್ದು. ನಮ್ಮ ಆಳಿಗೆ ಆದದ್ದೂ ಅದೇ.

ಇನ್ನೊಂದು ಸಂಗತಿ ನನಗೆ ಹೊಸದಾಗಿತ್ತು. ರಾತ್ರಿ ಮಲಗಿದಾಗ ಬೆನ್ನುಮೂಳೆಯ ಮೆತ್ತೆಗಳು ನೀರು ಹೀರಿ ಉಬ್ಬುತ್ತವೆ. ಎದ್ದ ಮೊದಲ ಗಂಟೆಯಲ್ಲಿ ಬಗ್ಗಿದರೆ ಅವುಗಳ ಮೇಲೆ ಬೀಳುವ ಒತ್ತಡ ಹೆಚ್ಚು. ಈಗ ಲಾರಿ ಎಷ್ಟೇ ಬೇಗ ಬರಲಿ, ಆಳುಗಳು ಕಾಫಿ ಕುಡಿದು, ಬೇರೆ ಸಣ್ಣ ಕೆಲಸ ಮಾಡಿ ಓಡಾಡಿದ ಮೇಲೆಯೇ ಚೀಲಕ್ಕೆ ಕೈ ಹಾಕುವುದು. ಚಾಲಕ ಗೊಣಗುತ್ತಾನೆ.

ಅಡಿಕೆ, ಕಾಫಿ ತುಂಬುವಾಗ ನಾವೇ ಚೀಲ ತುಂಬುವವರಾದ್ದರಿಂದ ತೂಕವೂ ನಮ್ಮ ಕೈಯಲ್ಲೇ ಇದೆ. ಕಣದಿಂದ ಮನೆಗೆ ತರುವುದಕ್ಕೆ 25 ಕಿಲೊ ಅರೆಚೀಲ ಸಾಕು. ಮಾರಾಟದ ದಿನ ಕಟ್ಟೆಯ ಮೇಲೆಯೇ ತಕ್ಕಡಿ ಇಟ್ಟು ದೊಡ್ಡ ಚೀಲಕ್ಕೆ ಸುರಿದು ಹೊಲಿದರೆ, ತುಂಬಿದ ಮೂಟೆ ಲಾರಿಗೆ ಹೋಗುವವರೆಗೆ ನೆಲ ಮುಟ್ಟುವುದಿಲ್ಲ. ಸುರಿಯುವ ಕೆಲಸ ಎರಡಾಗುತ್ತದೆಂದು ಮನೆಯಲ್ಲಿ ಆಕ್ಷೇಪ ಬಂತು. ಹೋದ ಸುಗ್ಗಿಯಲ್ಲಿ ಅದಕ್ಕೆ ಹೆಚ್ಚಾಗಿ ಹಿಡಿದದ್ದು ಒಟ್ಟು ಅರ್ಧ ದಿನ.