ಕುಂಚವೂ ಕಾಯಕವೇ

ಧಾರವಾಡದಲ್ಲಿ ಚಿತ್ರಕಲೆ ಅಭ್ಯಸಿಸುತ್ತಿರುವ ನಮ್ಮ ಸಮಾಜದ ತರುಣಿಯೊಬ್ಬಳನ್ನು ಈಚೆಗೆ ನಾವು ಮಾತನಾಡಿಸಿದೆವು. ಲಿಂಗಪೂಜೆಗೆ ಮುನ್ನ ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದ ಅಜ್ಜಿಯೇ ಅವಳ ಮೊದಲ ಗುರು. ಚುಕ್ಕೆಯಿಂದ ಚುಕ್ಕೆಗೆ ಗೆರೆ ತಪ್ಪದಂತೆ ಎಳೆಯುವುದನ್ನು ಕಲಿತದ್ದು ಅಲ್ಲಿಯೇ. ಕ್ರಿ.ಶ. 578ರಲ್ಲಿ ಮಂಗಳೇಶನು ಮಾಡಿಸಿದ ಬಾದಾಮಿಯ ಮೂರನೆಯ ಗುಹೆಯಲ್ಲಿ ಅಳಿದುಳಿದ ವರ್ಣಚಿತ್ರಗಳು ಅವಳ ಬಣ್ಣದ ಹಂಬಲವನ್ನು ಬೆಳೆಸಿದವು. 1935ರಲ್ಲಿ ಧಾರವಾಡದಲ್ಲಿ ಕಲಾಶಾಲೆಯನ್ನು ತೆರೆದ ಡಿ.ವಿ. ಹಾಲಭಾವಿಯವರು ಅವಳಿಗೆ ಆದರ್ಶ.

“ಬಣ್ಣ ಅನ್ನ ಕೊಟ್ಟೀತೇ?” ಎಂಬುದು ತಂದೆಯವರ ಚಿಂತೆ. “ನಾನು ಓದಿದ ಶಾಲೆಯಲ್ಲಿ ಚಿತ್ರಕಲೆಯ ತಾಸಿನಲ್ಲೂ ಲೆಕ್ಕವನ್ನೇ ಮಾಡಿಸುತ್ತಿದ್ದರು. ನನಗೆ ಸಿಗದುದು ಮುಂದಿನ ಮಕ್ಕಳಿಗೆ ಸಿಗಲಿ. ಅದಕ್ಕೇ ಶಿಕ್ಷಕಿಯಾಗುವೆ” ಎಂಬುದು ಮಗಳ ಉತ್ತರ.

ಕಾಯಕದಲ್ಲಿ ಮೇಲುಕೀಳೆಣಿಸದ ಶರಣರ ಹಾದಿಯವರು ನಾವು. ಮನೆಯ ಮಗಳು ಕುಂಚ ಹಿಡಿದಾಗ ಮಾತ್ರ ಅಳುಕುವುದೇಕೆ? ಪಾಲಕರು ಆಲೋಚಿಸಬೇಕು.