ಹಿಡಿಸೂಡಿಗೂ ಮೊದಲು ಫೋಟೋ!

ಮಳೆಗಾಲ ಬಂತೆಂದರೆ ನಾವುಂದದ ಸಾಲ್ಬುಡ, ಪಡುಕೋಣೆ ಕಡೆಯವರಿಗೆ ಸೌಪರ್ಣಿಕೆಯದ್ದೇ ಚಿಂತೆ. ಬ್ರಹ್ಮಾವರದವರು 2020ರ ಸೆಪ್ಟೆಂಬರ್ 20ರ ನೆರೆಯನ್ನು ಮರೆತಿರಲಿಕ್ಕಿಲ್ಲ. ನೀರು ಇಳಿದ ಕೂಡಲೇ ನಾವು ಮಾಡುವ ಮೊದಲ ಕೆಲಸ ಯಾವುದು ಹೇಳಿ? ಸೆರಗು ಸಿಕ್ಕಿಸಿ ಹಿಡಿಸೂಡಿ ಹಿಡಿಯುವುದು! ಸ್ವಲ್ಪ ತಡೆಯಿರಿ.

ಮೆಸ್ಕಾಂ ಲೈನ್ ಬಂತೆಂದು ಸ್ವಿಚ್ ಹಾಕಬೇಡಿ, ಎಲೆಕ್ಟ್ರಿಷಿಯನ್ ನೋಡಲಿ. ಆಮೇಲೆ ಗೋಡೆಯ ಮೇಲಿನ ನೀರಿನ ಗುರುತು, ಫ್ರಿಜ್, ಕಪಾಟು, ಹಾಸಿಗೆ, ಅಕ್ಕಿ ಡಬ್ಬ ಎಲ್ಲದರ ಫೋಟೋ ತೆಗೆಯಿರಿ. ಕೆಸರು ತೊಳೆದು ಮನೆ ಫಳಫಳ ಮಾಡಿಟ್ಟ ಮೇಲೆ ಸರ್ವೇಯರ್ ಬಂದು “ಹಾನಿ ಎಲ್ಲಿ ತೋರಿಸಿ” ಅಂದರೆ ಎಂತ ಮಾಡೂದು? ಹಾಳಾದ ಸಾಮಾನನ್ನು ಅವರು ನೋಡುವ ತನಕ ಅಂಗಳದ ಮೂಲೆಯಲ್ಲೇ ಇಡಿ. ಸರಕಾರದ ಪರಿಹಾರಕ್ಕೆ ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಬೇಕು, ವಿಮೆಯದ್ದು ಬೇರೆ ದಾರಿ. ಎರಡಕ್ಕೂ ಅದೇ ದಿನ ತಿಳಿಸಿ.

“ನಮಗೆ ವಿಮೆ ಎಲ್ಲಿಂದ?” ಅನ್ನಬೇಡಿ. ಗೃಹಸಾಲ ಇದ್ದರೆ ಬ್ಯಾಂಕಿನ ಕಾಗದಪತ್ರ ತೆಗೆದು ನೋಡಿ. ಆದರೆ ಸಾಲಗಾರರ ಜೀವದ ಮೇಲಿನ ವಿಮೆಯೇ ಬೇರೆ, ಮನೆಯ ಮೇಲಿನದ್ದೇ ಬೇರೆ. 2021ರ ಏಪ್ರಿಲ್‌ನಿಂದ ಬಂದಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ನೆರೆಯೂ ಸೇರಿದೆ. ಕಟ್ಟಡಕ್ಕೆ 20 ಲಕ್ಷ ರೂ. ವಿಮೆ ಇದ್ದರೆ ಅದರ ಶೇ. 20, ಅಂದರೆ 4 ಲಕ್ಷ, ಮನೆಸಾಮಾನಿಗೆ ತಾನಾಗಿಯೇ ಸಿಗುತ್ತದೆ (ಗರಿಷ್ಠ ಮಿತಿ 10 ಲಕ್ಷ). ಆದರೆ ಅವಶೇಷ ತೆರವಿಗೆ ಕೊಡುವುದು ಕ್ಲೇಮಿನ ಶೇ. 2ರವರೆಗೆ ಮಾತ್ರ. ಒಂದು ಲಕ್ಷಕ್ಕೆ ಎರಡೇ ಸಾವಿರ! ಕ್ಲೀನಿಂಗಿನ ಖರ್ಚೆಲ್ಲ ವಿಮೆಯಲ್ಲಿ ಬರುತ್ತದೆ ಎಂದು ಯಾರಾದರೂ ಹೇಳಿದರೆ ಪಾಲಿಸಿ ಓದದೆ ನಂಬಬೇಡಿ.

ಕ್ಲೀನಿಂಗಿನವರನ್ನು ಕರೆಯುವಾಗ ದರ ಮಾತ್ರ ಕೇಳಿದರೆ ಸಾಲದು. ಚದರ ಅಡಿ ಲೆಕ್ಕವೋ, ದಿನಗೂಲಿಯೋ? ಕೆಸರು, ಒದ್ದೆ ಹಾಸಿಗೆ ಸಾಗಿಸುವುದು ಯಾರು? ಒಣಗಿಸುವುದೂ ಸೇರಿದೆಯಾ? ಬಾಯಿಮಾತಲ್ಲಿ ಬೇಡ, ಬರೆಸಿಕೊಳ್ಳಿ. ನೆರೆ ಸಮಯದಲ್ಲಿ ಎಲ್ಲರಿಗೂ ಅರ್ಜೆಂಟು, ಹಾಗಾಗಿ ಪೂರ್ತಿ ಹಣ ಮುಂಗಡ ಕೇಳುವವರೂ ಇರುತ್ತಾರೆ. ಸ್ವಲ್ಪ ಕೊಟ್ಟು ಬಾಕಿ ಕೆಲಸ ಮುಗಿದ ಮೇಲೆ ಕೊಡಿ, ಬಿಲ್ ಕೇಳಿ ಪಡೆಯಿರಿ. ಬಿಲ್ ಇಲ್ಲದ ಖರ್ಚನ್ನು ವಿಮೆಯವರು ಒಪ್ಪುವುದು ಕಷ್ಟ. ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಂಪೆನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಪರಿಹಾರವಾಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಇದ್ದಾರೆ, ಶುಲ್ಕವಿಲ್ಲ.

ನೀವೇ ತೊಳೆಯುವುದಾದರೆ ಬ್ಲೀಚಿಂಗ್ ಪೌಡರಿನ ಜತೆ ಟಾಯ್ಲೆಟ್ ಆಸಿಡ್ ಬೆರೆಸಲೇಬೇಡಿ, ವಿಷಾನಿಲ ಬರುತ್ತದೆ. ನೆರೆನೀರು ಹೊಕ್ಕ ಬಾವಿಯನ್ನು ಖಾಲಿ ಮಾಡಿಸಿ. ಎಷ್ಟು ಬ್ಲೀಚಿಂಗ್ ಹಾಕಬೇಕೆಂದು ಆರೋಗ್ಯ ಕೇಂದ್ರದವರನ್ನು ಕೇಳಿ, ಅಲ್ಲಿಯತನಕ ಕುದಿಸಿದ ನೀರೇ ಇರಲಿ.

ಇನ್ನು ಪೇಂಟಿಂಗ್. ನಮ್ಮ ಕಡೆಯ ಕೆಂಪುಕಲ್ಲಿನ ಗೋಡೆ ನೀರು ಕುಡಿದರೆ ಬೇಗ ಬಿಡುವುದಿಲ್ಲ. ಚೌತಿಗೆ ನೆಂಟರು ಬರುತ್ತಾರೆಂದು ಈಗಲೇ ಬಣ್ಣ ಹೊಡೆಸಿದರೆ ಚಳಿಗಾಲದೊಳಗೆ ಪದರು ಪದರಾಗಿ ಏಳುತ್ತದೆ. ಕಿಟಕಿ ತೆರೆದಿಟ್ಟು, ಫ್ಯಾನ್ ಹಾಕಿ ಒಣಗಲು ಬಿಡಿ. ಪೇಂಟರಿಗೆ ಮಳೆಗಾಲ ಕಳೆದ ಮೇಲೇ ಬರಹೇಳಿ.